‘ಆದರೆ’ ಎಂಬ ತೀರ್ಪು

2024ರ ಜೂನ್ 9, ಭಾನುವಾರ ಬೆಳಿಗ್ಗೆ ಬೆಂಗಳೂರಿನ ಸುಮನಹಳ್ಳಿ ಬಳಿ ರಾಜಕಾಲುವೆಯ ಪಕ್ಕದಲ್ಲಿ ಒಂದು ಶವ ಸಿಕ್ಕಿತು. ಯಾರದೆಂದು ಗೊತ್ತಿರಲಿಲ್ಲ. ಮರುದಿನ ಕೆಲವರು ಪೊಲೀಸರ ಮುಂದೆ ಬಂದು, ಹಣದ ವಿಚಾರಕ್ಕೆ ನಾವೇ ಕೊಂದೆವು ಎಂದು ಶರಣಾದರು. ವಿಷಯ ಅಲ್ಲಿಗೇ ನಿಂತಿದ್ದರೆ ಸತ್ತವರ ಹೆಸರನ್ನು ಇವತ್ತು ನೀವೂ ನಾನೂ ಕೇಳಿರುತ್ತಿರಲಿಲ್ಲ. ನಗರದ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದು ಮುಗಿದಿರುತ್ತಿತ್ತು. ಹಾಗೆ ಮುಗಿಯಲಿಲ್ಲ. ಜೂನ್ 11ರಂದು ಮೈಸೂರಿನಲ್ಲಿ ನಟ ದರ್ಶನ್ ಅವರ ಬಂಧನವಾಯಿತು. ಅವತ್ತು ಮಧ್ಯಾಹ್ನದೊಳಗೆ ಇಡೀ ಕರ್ನಾಟಕ ಟೀವಿಯ ಮುಂದಿತ್ತು.

ಆ ಎರಡು ದಿನಗಳನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಶವ ಅದೇ, ಗಾಯಗಳು ಅವೇ, ಚಿತ್ರದುರ್ಗದಲ್ಲಿ ಮಗನಿಗಾಗಿ ಕಾಯುತ್ತಿದ್ದ ತಂದೆ ತಾಯಿಯೂ ಅವರೇ. ಜೂನ್ 9ಕ್ಕೂ 11ಕ್ಕೂ ನಡುವೆ ಬದಲಾದದ್ದು ಆರೋಪಿಗಳ ಪಟ್ಟಿ ಮಾತ್ರ. ಸತ್ತವರು ರೇಣುಕಸ್ವಾಮಿ, ವಯಸ್ಸು 33, ಚಿತ್ರದುರ್ಗದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಪ್ರಕರಣಕ್ಕೆ ಕಾಗದದ ಮೇಲೆ ಅವರ ಹೆಸರಿದೆ. ಜನರ ಬಾಯಲ್ಲಿ ಅದು ‘ದರ್ಶನ್ ಕೇಸು’. ಸತ್ತವರಿಗೆ ‘ಅವನು’, ಆರೋಪಿಗೆ ‘ಬಾಸು’. ಈ ಬರಹದಲ್ಲಿ ಇಬ್ಬರಿಗೂ ಬಹುವಚನವನ್ನೇ ಬಳಸುತ್ತೇನೆ. ಒಬ್ಬರು ಕೊಲೆಯಾದವರು. ಇನ್ನೊಬ್ಬರು ಆರೋಪಿ, ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಏಕವಚನಕ್ಕೆ ಇಳಿಸುವ ಹಕ್ಕು ಇಬ್ಬರ ವಿಷಯದಲ್ಲೂ ನಮಗಿಲ್ಲ.

ಪ್ರಸಿದ್ಧರ ಮೇಲಿನ ಕೊಲೆ ಮೊಕದ್ದಮೆಗಳು ನಮ್ಮನ್ನು ಇಷ್ಟೊಂದು ಹಿಡಿದು ಕೂರಿಸುವುದೇಕೆ? ಇದಕ್ಕೆ ಸಿದ್ಧ ಉತ್ತರಗಳು ಎರಡಿವೆ. ಒಂದು, ಟೀವಿಯವರಿಗೆ ಟಿಆರ್‌ಪಿ ಹುಚ್ಚು. ಇನ್ನೊಂದು, ಜನರಿಗೆ ನ್ಯಾಯದ ಹಸಿವು. ಎರಡೂ ನಮಗೆ ಹಿತವಾದ ಉತ್ತರಗಳು. ಮೊದಲನೆಯದು ತಪ್ಪನ್ನು ಸ್ಟುಡಿಯೋದೊಳಗೆ ಕೂರಿಸಿ ನಮ್ಮನ್ನು ಬಿಡುಗಡೆ ಮಾಡುತ್ತದೆ. ಎರಡನೆಯದು ನಮ್ಮ ಚಪಲಕ್ಕೆ ಒಳ್ಳೆಯ ಹೆಸರು ಕೊಡುತ್ತದೆ. ಇವೆರಡನ್ನೂ ನಾನು ಒಪ್ಪುವುದಿಲ್ಲ.

ಮೊದಲು ಟೀವಿಯ ಮಾತು. ಆ ಜೂನ್ ತಿಂಗಳಲ್ಲಿ ನಮ್ಮ ಸುದ್ದಿವಾಹಿನಿಗಳು ನಡೆದುಕೊಂಡ ರೀತಿಯನ್ನು ನಾನು ಸಮರ್ಥಿಸಿಕೊಳ್ಳಲಾರೆ. ಆರೋಪಿಗಳನ್ನು ಇಟ್ಟಿದ್ದ ಅನ್ನಪೂರ್ಣೇಶ್ವರಿನಗರ ಠಾಣೆಗೆ ಪೊಲೀಸರು ಮದುವೆ ಮನೆಯ ಹಾಗೆ ಶಾಮಿಯಾನ ಕಟ್ಟಿಸಿದರು. ಆಗ ಕ್ಯಾಮೆರಾಗಳು ಶಾಮಿಯಾನದ ಬಟ್ಟೆಯನ್ನೇ ಗಂಟೆಗಟ್ಟಲೆ ತೋರಿಸಿದವು. ಆದರೆ ಈ ಹಸಿವನ್ನು ಹುಟ್ಟಿಸಿದ್ದು ಟೀವಿ ಎನ್ನುವವರು ಒಮ್ಮೆ 1944ರ ಮದರಾಸನ್ನು ನೆನೆಯಬೇಕು.

ಆ ಕಾಲದಲ್ಲಿ ದಕ್ಷಿಣದ ಸಿನಿಮಾಕ್ಕೆಲ್ಲ ಮದರಾಸೇ ಮನೆ. ಎಂ.ಕೆ. ತ್ಯಾಗರಾಜ ಭಾಗವತರ್ ಅಂದರೆ ತಮಿಳರ ಮೊದಲ ಸೂಪರ್‌ಸ್ಟಾರ್. ಎನ್.ಎಸ್. ಕೃಷ್ಣನ್ ಜನ ಪ್ರಾಣ ಬಿಡುತ್ತಿದ್ದ ಹಾಸ್ಯನಟ. ಲಕ್ಷ್ಮೀಕಾಂತನ್ ಎಂಬ ಪತ್ರಕರ್ತ ತಾರೆಯರ ಖಾಸಗಿ ಬದುಕಿನ ಬಗ್ಗೆ ಹೊಲಸು ಬರೆದು ಪತ್ರಿಕೆ ನಡೆಸುತ್ತಿದ್ದ. ಆ ವರ್ಷದ ನವೆಂಬರಿನಲ್ಲಿ ಅವನಿಗೆ ಯಾರೋ ಚೂರಿ ಹಾಕಿದರು, ಅವನು ಸತ್ತ. ಭಾಗವತರ್ ಮತ್ತು ಕೃಷ್ಣನ್ ಇಬ್ಬರೂ ಆರೋಪಿಗಳಾದರು. ಆಗ ಟೀವಿ ಇರಲಿಲ್ಲ, ಟಿಆರ್‌ಪಿ ಇರಲಿಲ್ಲ. ಆದರೂ ಇಡೀ ದಕ್ಷಿಣ ಭಾರತ ಆ ಮೊಕದ್ದಮೆಯ ಬೆನ್ನು ಹತ್ತಿತು. ಅದೇ ವರ್ಷದ ದೀಪಾವಳಿಗೆ ಬಿಡುಗಡೆಯಾಗಿದ್ದ ಭಾಗವತರ್ ಅವರ ‘ಹರಿದಾಸ್’ ಮದರಾಸಿನ ಬ್ರಾಡ್ವೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡಿತು. ನಾಯಕ ಜೈಲಿನೊಳಗೆ, ಅವನ ಸಿನಿಮಾ ತೆರೆಯ ಮೇಲೆ. ಇದನ್ನು ಕಂಡುಹಿಡಿದವರು ನಮ್ಮ ಕಾಲದವರಲ್ಲ.

ಹದಿನೈದು ವರ್ಷದ ನಂತರ ಇಂಥದೇ ಇನ್ನೊಂದು ಪ್ರಕರಣ ಮುಂಬಯಿಯಲ್ಲಿ ನಡೆಯಿತು. 1959ರ ಏಪ್ರಿಲಿನಲ್ಲಿ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ತನ್ನ ಹೆಂಡತಿಯ ಜೊತೆ ಸಂಬಂಧವಿಟ್ಟುಕೊಂಡಿದ್ದ ಪ್ರೇಮ್ ಅಹುಜಾನನ್ನು ಗುಂಡಿಕ್ಕಿ ಕೊಂದ. ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿಯ ಪರವಾಗಿ ಅಭಿಯಾನವನ್ನೇ ನಡೆಸಿತು. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಅವನು ನಿರಪರಾಧಿ ಎಂದರು. ಹೈಕೋರ್ಟು ಅದನ್ನು ತಳ್ಳಿಹಾಕಿ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮೂರು ವರ್ಷದ ಮೇಲೆ ನಾನಾವತಿಗೆ ಕ್ಷಮಾದಾನವೂ ಸಿಕ್ಕಿತು.

ಈಗ ಮೂರು ಪ್ರಕರಣಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಡಬೇಕಾದದ್ದು ಆರೋಪಿಗಳನ್ನಲ್ಲ, ಸತ್ತವರನ್ನು. ಹೊಲಸು ಬರೆಯುತ್ತಿದ್ದ ಪತ್ರಕರ್ತ ಒಬ್ಬ. ಪರರ ಹೆಂಡತಿಯ ಸಹವಾಸ ಮಾಡಿದವನು ಇನ್ನೊಬ್ಬ. ನಟಿ ಪವಿತ್ರಾ ಗೌಡ ಅವರಿಗೆ ಅಶ್ಲೀಲ ಸಂದೇಶ ಕಳಿಸಿದರು ಎಂದು ಪೊಲೀಸರು ಹೇಳುವವರು ಮೂರನೆಯವರು. ಮೂವರೂ ‘ಒಳ್ಳೆಯವರಲ್ಲ’. ಮೂವರ ಸಾವಿನ ಬಗ್ಗೆಯೂ ಜನ ಒಂದೇ ಥರದ ವಾಕ್ಯ ಆಡಿದ್ದಾರೆ. ಆ ವಾಕ್ಯದ ನಡುವೆ ‘ಆದರೆ’ ಎಂಬ ಪದ ಇದೆ.

ನಾನಿರುವುದು ಯಲಹಂಕ ಉಪನಗರದಲ್ಲಿ. ಈ ‘ಆದರೆ’ಯನ್ನು ಎರಡು ವರ್ಷದಲ್ಲಿ ಉತ್ತರ ಬೆಂಗಳೂರಿನ ಎಲ್ಲ ಮೂಲೆಗಳಲ್ಲೂ ಕೇಳಿದ್ದೇನೆ. ಹಿಂದಿನ ಗಾಜಿಗೆ ‘ಡಿ ಬಾಸ್’ ಅಂಟಿಸಿಕೊಂಡ ಆಟೋದವರು ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿ ನಿಂತಾಗ ಹೇಳಿದರು: ‘ತಪ್ಪೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ಹೆಣ್ಮಕ್ಳಿಗೆ ಹಂಗೆಲ್ಲ ಮೆಸೇಜ್ ಹಾಕಿದ್ರೆ ಸುಮ್ನೆ ಬಿಡಕ್ಕಾಗುತ್ತಾ?’ ಆರ್.ಟಿ. ನಗರದ ಕಟಿಂಗ್ ಶಾಪಿನಲ್ಲಿ ಕುರ್ಚಿ ಖಾಲಿಯಾಗಲೆಂದು ಕಾಯುತ್ತಿದ್ದ ನಿವೃತ್ತ ನೌಕರರೊಬ್ಬರು ಇದನ್ನೇ ಶುದ್ಧ ಕನ್ನಡದಲ್ಲಿ ಹೇಳಿದರು. ಯಶವಂತಪುರ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುತ್ತಿದ್ದ ಹುಡುಗ ಹೇಳಿದ್ದೂ ಅದೇ. ಇನ್ನೊಂದು ‘ಆದರೆ’ ಇದೆ, ಅದು ಅಭಿಮಾನಿಗಳಲ್ಲದವರದು: ‘ಕೋರ್ಟ್ ತೀರ್ಮಾನ ಮಾಡಲಿ, ಆದರೆ ಅವನೇ ಮಾಡಿರೋದು ಬಿಡಿ.’ ಒಬ್ಬರ ‘ಆದರೆ’ ಸತ್ತವರಿಗೆ ಶಿಕ್ಷೆ ವಿಧಿಸುತ್ತದೆ, ಇನ್ನೊಬ್ಬರದು ಆರೋಪಿಗೆ. ಕೋರ್ಟು ಬಾಯಿ ತೆರೆಯುವ ಮೊದಲೇ ಇಬ್ಬರ ತೀರ್ಪೂ ಮುಗಿದಿದೆ.

ನನ್ನ ವಾದ ಇಷ್ಟು. ಪ್ರಸಿದ್ಧರ ಕೊಲೆ ಮೊಕದ್ದಮೆ ನಮ್ಮನ್ನು ಸೆಳೆಯುವುದು ಕೊಂದವರು ಯಾರು ಎಂಬ ಕುತೂಹಲದಿಂದಲ್ಲ. ‘ಕೆಲವರು ಏಟು ತಿನ್ನಬೇಕಾದವರೇ’ ಎಂಬ ನಂಬಿಕೆ ನಮ್ಮೊಳಗೆ ಬಹಳ ಕಾಲದಿಂದ ಇದೆ. ಆ ನಂಬಿಕೆಯನ್ನು ಕಾನೂನು ಕಟಕಟೆಗೆ ಕರೆಯುವ ಅಪರೂಪದ ಸಂದರ್ಭ ಇದು. ಅದಕ್ಕೇ ನಮಗೆ ಕಣ್ಣು ಕೀಳಲಾಗುವುದಿಲ್ಲ. ವಿಚಾರಣೆಗೆ ನಿಂತಿರುವುದರಲ್ಲಿ ನಮ್ಮದೂ ಒಂದು ಪಾಲಿದೆ ಎಂದು ಎಲ್ಲೋ ನಮಗೆ ಗೊತ್ತಿದೆ.

ಈ ನಂಬಿಕೆ ಬಂದದ್ದೆಲ್ಲಿಂದ? ಸಿನಿಮಾದಿಂದ ಅನ್ನುವುದು ಅರ್ಧ ಸತ್ಯ. ಹೆಣ್ಣಿಗೆ ಅವಮಾನ, ನಾಯಕನ ಸಿಟ್ಟು, ಊರಾಚೆಯ ಒಂದು ಗೋದಾಮು, ಹೊಡೆತ. ನಾವು ಶಿಳ್ಳೆ ಹೊಡೆದ ಸಿನಿಮಾಗಳಲ್ಲಿ ಈ ದೃಶ್ಯವಿಲ್ಲದ್ದನ್ನು ಹುಡುಕಬೇಕು. ದೋಷಾರೋಪ ಪಟ್ಟಿ ಹೇಳುವ ಕಥೆಯೂ ಅದೇ ಜಾಡಿನಲ್ಲಿದೆ: ಚಿತ್ರದುರ್ಗದಿಂದ ಕರೆತಂದದ್ದು, ರಾಜರಾಜೇಶ್ವರಿನಗರದ ಪಟ್ಟಣಗೆರೆಯ ಶೆಡ್ಡು, ಹಲ್ಲೆ. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಲಿ. ಕಥೆ ಕೇಳಿದ ಕೂಡಲೇ ನಮಗೆ ಗುರುತು ಸಿಕ್ಕಿತು ಎಂಬುದು ಮಾತ್ರ ನಿಜ.

ಉಳಿದರ್ಧ ಸಿನಿಮಾಕ್ಕಿಂತ ಬಹಳ ಹಳೆಯದು. ಕೀಚಕ ವಧೆಯನ್ನು ನಾವು ಕುಮಾರವ್ಯಾಸನಲ್ಲಿ ಓದಿದ್ದೇವೆ, ಹರಿಕಥೆಯಲ್ಲಿ ಕೇಳಿದ್ದೇವೆ, ಯಕ್ಷಗಾನದಲ್ಲಿ ಬೆಳಗಿನ ಜಾವದ ತನಕ ಕೂತು ನೋಡಿದ್ದೇವೆ. ಸೈರಂಧ್ರಿಯನ್ನು ಕಾಡಿದ ಕೀಚಕನನ್ನು ಭೀಮ ರಾತ್ರಿ ನಾಟ್ಯಶಾಲೆಯಲ್ಲಿ ಮುಗಿಸುತ್ತಾನೆ. ಕೊಂದವರು ಗಂಧರ್ವರು ಎಂಬ ಕಥೆ ಬೆಳಿಗ್ಗೆ ಊರಿಗೆ ಹಬ್ಬುತ್ತದೆ. ಕೇಳುವವರಿಗೆಲ್ಲ ಸಮಾಧಾನ.

ಆದರೆ ಆ ಕಥೆಯಲ್ಲಿ ನಾವು ಹಾರಿಸಿಬಿಡುವ ಒಂದು ಭಾಗವಿದೆ. ಭೀಮನ ಹತ್ತಿರ ಹೋಗುವ ಮೊದಲು ಸೈರಂಧ್ರಿ ಓಡಿದ್ದು ರಾಜಸಭೆಗೆ. ಅಲ್ಲಿ ಎಲ್ಲರೆದುರೇ ಕೀಚಕ ಅವಳನ್ನು ಒದೆಯುತ್ತಾನೆ. ವಿರಾಟರಾಜ ಏನೂ ಮಾಡುವುದಿಲ್ಲ, ಏಕೆಂದರೆ ಕೀಚಕ ಅವನ ಹೆಂಡತಿಯ ತಮ್ಮ, ಸೈನ್ಯದ ಬಲ. ನ್ಯಾಯ ಕೊಡಬೇಕಾದ ಸಭೆ ಬಾಯಿ ಮುಚ್ಚಿಕೊಂಡ ಮೇಲೆ ಅವಳು ಅಡುಗೆಮನೆಯ ಕತ್ತಲಿಗೆ ಹೋದಳು. ಭೀಮ ಆಗ ರಾಜನಲ್ಲ, ವೇಷ ಮರೆಸಿಕೊಂಡ ಅಡುಗೆಯವನು. ಪ್ರಭಾವವಿದ್ದದ್ದು ಕೀಚಕನಿಗೆ. ನಮ್ಮ ಪ್ರಕರಣದಲ್ಲಿ ಪ್ರಭಾವವಿದ್ದದ್ದು ಯಾರಿಗೆ? 2021ರಲ್ಲಿ ರಾಜ್ಯದ ಕೃಷಿ ಇಲಾಖೆಗೆ ರಾಯಭಾರಿಯಾಗಿದ್ದವರು, 2019ರ ಮಂಡ್ಯ ಚುನಾವಣೆಯಲ್ಲಿ ಊರೂರು ಸುತ್ತಿ ಮತ ಕೇಳಿದ್ದವರು, ಒಂದು ಫೋನಿಗೆ ಠಾಣೆಯೇ ಎದ್ದು ನಿಲ್ಲಬಹುದಾಗಿದ್ದ ಮನುಷ್ಯರು ಆರೋಪಿ. ಔಷಧಿ ಅಂಗಡಿಯ ನೌಕರ ಸತ್ತವರು. ಕೀಚಕ ವಧೆಯ ಹೋಲಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಅಶ್ಲೀಲ ಸಂದೇಶ ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಗಂಡಸರೇ ‘ಆದರೆ’ಗೆ ದಾರಿ ಮಾಡಿಕೊಡುವವರು. ಅಂಥ ಸಂದೇಶ ಬಂದ ಹೆಣ್ಣಿಗೆ ಆಗುವ ಭಯ, ಹೇಸಿಗೆ, ಅವಮಾನ ನಿಜವಾದದ್ದು. ಅದಕ್ಕೆ ಆಗಿನ ದಂಡಸಂಹಿತೆಯಲ್ಲಿ 354ಎ ಇತ್ತು, 354ಡಿ ಇತ್ತು, 509 ಇತ್ತು, ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 67ನೇ ಕಲಂ ಇತ್ತು. ಇಷ್ಟೆಲ್ಲ ಇದ್ದೂ ನಮ್ಮ ಹೆಣ್ಣುಮಕ್ಕಳು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ‘ನಂಬರ್ ಅವನಿಗೆ ಹೇಗೆ ಸಿಕ್ತು ಕಣಮ್ಮ?’ ಎಂಬ ಮೊದಲ ಪ್ರಶ್ನೆ ಅವರಿಗೆ ಗೊತ್ತಿದೆ. ವಿರಾಟನ ಸಭೆ ಇವತ್ತೂ ಹಾಗೇ ಇದೆ. ಹೊಡೆದವರನ್ನು ಮೆರೆಸುವ ನಾವು ಆ ಸಭೆಯನ್ನು ಸರಿಪಡಿಸಲು ಏನು ಮಾಡಿದ್ದೇವೆ? ಹೊಡೆತಕ್ಕೆ ಚಪ್ಪಾಳೆ ಹೊಡೆದರೆ ಸಭೆ ಸರಿಯಾಗುವುದಿಲ್ಲ. ಹೊಡೆಯುವವರು ಇದ್ದಾರಲ್ಲ, ಸಭೆ ಯಾಕೆ ಬೇಕು ಎನ್ನುವಲ್ಲಿಗೆ ಬಂದು ನಿಲ್ಲುತ್ತೇವೆ.

ಈ ‘ಹೆಣ್ಣಿನ ಮಾನ’ದ ಮಾತು ಎಷ್ಟು ಪೊಳ್ಳು ಎಂಬುದು 2025ರ ಜುಲೈನಲ್ಲಿ ಬಯಲಾಯಿತು. ರೇಣುಕಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗಬೇಕು ಎಂದು ನಟಿ ರಮ್ಯಾ ಸಾಮಾಜಿಕ ಜಾಲತಾಣದಲ್ಲಿ ಬರೆದರು. ದರ್ಶನ್ ಅಭಿಮಾನಿಗಳೆಂದು ಹೇಳಿಕೊಂಡವರಿಂದ ಅವರಿಗೆ ಅಶ್ಲೀಲ ಸಂದೇಶಗಳೂ ಬೆದರಿಕೆಗಳೂ ಮಳೆಯಂತೆ ಸುರಿದವು. ಅವರು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ ದೂರು ಕೊಟ್ಟರು, ಕೆಲವರ ಬಂಧನವೂ ಆಯಿತು. ಸಾವಿಗೆ ಅರ್ಹವಾದ ತಪ್ಪು ಎಂದು ಯಾವುದನ್ನು ಹೇಳುತ್ತಿದ್ದರೋ ಅದೇ ತಪ್ಪನ್ನು ಅದೇ ಬಾಯಿಗಳು, ಅದೇ ಕೈಗಳು ಮಾಡಿದವು. ಅಂದರೆ ಸಿಟ್ಟು ಸಂದೇಶದ ಮೇಲೆ ಇರಲೇ ಇಲ್ಲ. ಸಂದೇಶ ಯಾರ ‘ಕಡೆಯವರಿಗೆ’ ಹೋಯಿತು ಎಂಬುದರ ಮೇಲೆ ಇತ್ತು. ಇದು ಹೆಣ್ಣಿನ ಮಾನದ ಕಾವಲಲ್ಲ, ಯಜಮಾನನ ಆಸ್ತಿಯ ಕಾವಲು. ರಮ್ಯಾ ಮಾಡಿದ್ದನ್ನು ನೋಡಿ: ಸಂದೇಶ ಬಂತು, ದೂರು ಕೊಟ್ಟರು, ಪೊಲೀಸರು ಹಿಡಿದರು. ಯಾರ ಮೈಮೇಲೂ ಒಂದು ಗೀರು ಬೀಳಲಿಲ್ಲ. ಬೇರೆ ದಾರಿ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ದರ್ಶನ್ ವಿಷಯದಲ್ಲಿ ನಮ್ಮ ಸಮಾಜಕ್ಕೆ ಇದು ಮೊದಲ ಪರೀಕ್ಷೆಯೂ ಅಲ್ಲ. 2011ರ ಸೆಪ್ಟೆಂಬರಿನಲ್ಲಿ ಪತ್ನಿಯ ಮೇಲೆ ಹಲ್ಲೆ ಮಾಡಿದ ದೂರಿನ ಮೇಲೆ ಅವರು ಜೈಲು ಸೇರಿದ್ದರು. ಆಗ ನಿರ್ಮಾಪಕರ ಸಂಘ ಶಿಕ್ಷೆ ಕೊಟ್ಟದ್ದು ಯಾರಿಗೆ ಗೊತ್ತೆ? ನಟಿ ನಿಕಿತಾ ಅವರಿಗೆ, ಮೂರು ವರ್ಷದ ನಿಷೇಧ! ಟೀಕೆ ಜೋರಾದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಅದೇ ಸೆಪ್ಟೆಂಬರ್ 30ರಂದು, ನಾಯಕ ಜೈಲಿನಲ್ಲಿದ್ದಾಗಲೇ, ‘ಸಾರಥಿ’ ಬಿಡುಗಡೆಯಾಗಿ ಭರ್ಜರಿಯಾಗಿ ಓಡಿತು. ಟಿಕೆಟ್ ಕೊಂಡವರು ಸಿನಿಮಾ ನೋಡಿದರು ಅಷ್ಟೇ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಮನೆಯೊಳಗಿನ ಹೊಡೆತಕ್ಕೆ ಅವತ್ತು ನಾವು ಒಂದು ‘ಆದರೆ’ ಹಚ್ಚಿ ಮುಂದೆ ಹೋದೆವು. ಹದಿಮೂರು ವರ್ಷದ ಮೇಲೆ ಬೆಚ್ಚಿಬಿದ್ದವರ ಹಾಗೆ ನಟಿಸಿದೆವು.

ಈಗ ಟೀವಿಯ ಪಾತ್ರಕ್ಕೆ ಬರೋಣ. ಟೀವಿ ಈ ಹಸಿವನ್ನು ಹುಟ್ಟಿಸಲಿಲ್ಲ, ಆದರೆ ಅದನ್ನು ಕೆಡಿಸಿತು. ನಮ್ಮ ನಂಬಿಕೆ ಕಟಕಟೆಗೆ ಬಂದು ನಿಂತು ಪ್ರಶ್ನೆ ಎದುರಿಸಬೇಕಾಗಿದ್ದ ಹೊತ್ತಿನಲ್ಲಿ ಅದು ನಮ್ಮ ಕಣ್ಣನ್ನು ತಟ್ಟೆ, ಹಾಸಿಗೆ, ದಿಂಬಿನ ಕಡೆ ತಿರುಗಿಸಿತು. ಜೈಲಿನಲ್ಲಿ ಮೊದಲ ರಾತ್ರಿ ನಿದ್ದೆ ಬಂತೆ, ಮುದ್ದೆ ಸೇರಿತೆ, ಬಿರಿಯಾನಿ ಕೇಳಿದರೆ? ಕೈದಿಯ ಸಂಖ್ಯೆ 6106 ಅಭಿಮಾನಿಗಳ ಬೈಕಿನ ಮೇಲೆ ಬಂತು, ಮೈಮೇಲಿನ ಹಚ್ಚೆಯಾಯಿತು. ಕೈದಿಯ ಉಡುಪು ತೊಡಿಸಿ ಅದೇ ನಂಬರು ಬರೆದ ಹಸುಗೂಸಿನ ಫೋಟೋ ಕೂಡ ಹರಿದಾಡಿತು. ಮೇಲಿದ್ದವರು ಕೆಳಗೆ ಬಿದ್ದದ್ದನ್ನು ನೋಡುವ ಸುಖ ಒಂದು ಪಂಗಡಕ್ಕೆ, ಬಿದ್ದವರನ್ನು ಎತ್ತಿ ಮೆರೆಸುವ ಸುಖ ಇನ್ನೊಂದಕ್ಕೆ. ವಾಹಿನಿಗೆ ಇಬ್ಬರೂ ಗಿರಾಕಿಗಳೇ.

ಆ ಜೈಲಿನ ಬಗ್ಗೆಯೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಲಿಲ್ಲ. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರದ ಒಳಗಿನ ಫೋಟೋ ಹೊರಬಿತ್ತು: ಹುಲ್ಲುಹಾಸು, ಕುರ್ಚಿ, ಕಾಫಿ ಮಗ್, ಸಿಗರೇಟು, ಪಕ್ಕದಲ್ಲಿ ರೌಡಿ ವಿಲ್ಸನ್ ಗಾರ್ಡನ್ ನಾಗ. ಜೈಲಿನ ಅಧಿಕಾರಿಗಳು ಅಮಾನತಾದರು, ದರ್ಶನ್ ಬಳ್ಳಾರಿ ಜೈಲಿಗೆ ಹೋದರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಅವರೇ ನ್ಯಾಯಾಧೀಶರ ಮುಂದೆ, ಬಿಸಿಲು ಕಂಡು ದಿನಗಳಾದವು, ವಿಷ ಕೊಟ್ಟುಬಿಡಿ ಎಂದು ಕೇಳಿಕೊಂಡರು. ಎರಡು ಸಲವೂ ವಾಹಿನಿಗಳಿಗೆ ಹಬ್ಬ. ಆದರೆ ದುಡ್ಡಿದ್ದವರಿಗೆ ಅದೇ ಜೈಲಿನಲ್ಲಿ ಹುಲ್ಲುಹಾಸು ಸಿಗುವುದಾದರೆ, ಇಲ್ಲದವರಿಗೆ ಏನು ಸಿಗುತ್ತದೆ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅಪರಾಧಿ ಎಂದು ಯಾವ ಕೋರ್ಟೂ ಹೇಳದವರು. ಬಿಸಿಲು ಕಾಣದ ಅವರ ಕೈಗಳನ್ನು ಯಾರು ತೋರಿಸಿದರು? ಅವರು ದಿಂಬು ಕೇಳಿದರೆ ಅದು ಬ್ರೇಕಿಂಗ್ ನ್ಯೂಸ್ ಆಗುತ್ತದೆಯೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಹಾಗಾದರೆ ಜನ ನೋಡಲೇಬಾರದಾ? ನೋಡಿದ್ದರಿಂದ ತಾನೇ ಇಷ್ಟಾದರೂ ಆದದ್ದು?’ ಒಪ್ಪುತ್ತೇನೆ. ಹೊರಗೆ ಬೆಳಕಿಗೆ ಬರದಿದ್ದರೆ ಜೈಲಿನ ಹುಲ್ಲುಹಾಸಿನ ಕಾಫಿ ಇವತ್ತೂ ನಡೆಯುತ್ತಿತ್ತು. ಹಣದ ವಿಚಾರಕ್ಕೆ ಕೊಂದೆವು ಎಂಬ ಕಥೆಯ ಮೇಲೆ ಕಡತ ಮುಚ್ಚಿಹೋಗುವ ಸಾಧ್ಯತೆಯೂ ಇತ್ತು, ಅದನ್ನು ತಡೆದದ್ದು ಪೊಲೀಸರ ತನಿಖೆ. ಡಿಸೆಂಬರ್ 2024ರಲ್ಲಿ ಹೈಕೋರ್ಟು ಕೊಟ್ಟ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ರದ್ದುಮಾಡಿತು. ಎಷ್ಟೇ ದೊಡ್ಡವರಾದರೂ ಕಾನೂನಿಗಿಂತ ಮೇಲಲ್ಲ ಎಂದು ಹೇಳಿತು. ಜೈಲಿನಲ್ಲಿ ಐಷಾರಾಮಿ ಸೌಕರ್ಯ ಕೊಟ್ಟರೆ ಅಧಿಕಾರಿಗಳೇ ಹೊಣೆ ಎಂದು ಎಚ್ಚರಿಸಿತು. ಇದರಿಂದ ಎಲ್ಲ ಕೈದಿಗಳಿಗೂ ಸಮಾನ ನಡವಳಿಕೆ ಸಿಗಬಹುದಾದರೆ ಅದು ಈ ಪ್ರಕರಣದ ದೊಡ್ಡ ಫಲ. ನ್ಯಾಯಾಲಯ ತೆರೆದ ಬಾಗಿಲಿನದು, ನೋಡುವ ಹಕ್ಕು ಪ್ರಜೆಯದು. ನನ್ನ ಜಗಳ ನೋಡುವುದರ ಮೇಲಲ್ಲ, ಏನನ್ನು ನೋಡುತ್ತೇವೆ ಎಂಬುದರ ಮೇಲೆ.

ಪೊಲೀಸರು ಕೋರ್ಟಿಗೆ ಸಲ್ಲಿಸಿದ ದೋಷಾರೋಪ ಪಟ್ಟಿ 3991 ಪುಟ. ಆರೋಪಿಗಳು ಹದಿನೇಳು ಮಂದಿ. ಈ ಹದಿನೇಳರಲ್ಲಿ ಎಷ್ಟು ಹೆಸರು ನಿಮಗೆ ಗೊತ್ತು? ಎರಡು ಇರಬೇಕು. ಉಳಿದವರಲ್ಲಿ ಚಿತ್ರದುರ್ಗದ ಅಭಿಮಾನಿ ಸಂಘದವರೂ ಇದ್ದಾರೆ, ದಿನಗೂಲಿಯ ಹುಡುಗರಂಥವರೂ ಇದ್ದಾರೆ. ಸ್ವತಃ ರೇಣುಕಸ್ವಾಮಿಯವರೂ ದರ್ಶನ್ ಅಭಿಮಾನಿಯೇ ಆಗಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಸತ್ತವರೂ ಅಭಿಮಾನಿ, ಕಟಕಟೆಯಲ್ಲಿರುವವರಲ್ಲೂ ಅಭಿಮಾನಿಗಳು, ಹೊರಗೆ ಜೈಕಾರ ಹಾಕುವವರೂ ಅಭಿಮಾನಿಗಳು. ಒಬ್ಬ ನಟನ ಸುತ್ತ ತಮ್ಮ ಬದುಕನ್ನು ಕಟ್ಟಿಕೊಂಡ ಬಡ ಮತ್ತು ಕೆಳಮಧ್ಯಮ ವರ್ಗದ ಗಂಡುಹುಡುಗರ ಕಥೆ ಇದು. ಈ ಕಥೆಯನ್ನು ಯಾವ ಸ್ಟುಡಿಯೋವೂ ಎತ್ತಿಕೊಳ್ಳಲಿಲ್ಲ.

2025ರ ನವೆಂಬರ್ 3ರಂದು ಬೆಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ಆರೋಪ ನಿಗದಿಯಾಯಿತು. ಆರೋಪಿಗಳು ತಪ್ಪೊಪ್ಪಿಕೊಳ್ಳಲಿಲ್ಲ. ಅದು ಅವರ ಹಕ್ಕು. ಡಿಸೆಂಬರ್ 11ರಂದು ‘ದಿ ಡೆವಿಲ್’ ತೆರೆಗೆ ಬಂತು, ನಾಯಕ ಮತ್ತೆ ಜೈಲಿನಲ್ಲಿ. ನಿಜವಾದ ಮೊಕದ್ದಮೆ ಶುರುವಾದದ್ದು ಈ ಹೊತ್ತಿನಲ್ಲಿ: ಸಾಕ್ಷಿ ಹೇಳುವುದು, ಪಾಟೀಸವಾಲು, ತಜ್ಞರ ವರದಿ, ಮುಂದೂಡಿಕೆ. ಕೊಲೆ ಪ್ರಕರಣ ಗೆಲ್ಲುವುದೂ ಸೋಲುವುದೂ ಇಲ್ಲಿ. ಸಾಕ್ಷಿಗಳು ಪ್ರತಿಕೂಲವಾಗುವುದೂ ಇಲ್ಲೇ. ಪ್ರಭಾವಿಗಳ ಪ್ರಕರಣದಲ್ಲಿ ಬಡ ಸಾಕ್ಷಿಗೆ ಧೈರ್ಯ ಬರುವುದು ಹೊರಗಿನವರು ಗಮನಿಸುತ್ತಿದ್ದಾರೆ ಎಂದು ಗೊತ್ತಾದಾಗ. ತಿಳಿಯಬೇಕಾದದ್ದು ಏನೂ ಇಲ್ಲದಿದ್ದ 2024ರ ಜೂನಿನಲ್ಲಿ ನಮ್ಮ ಗಮನ ದಿನವಿಡೀ ಇತ್ತು. ತಿಳಿಯಬೇಕಾದದ್ದು ಎಲ್ಲ ಇರುವ ಈ ನಿಧಾನದ ದಿನಗಳಲ್ಲಿ ಯಲಹಂಕದ ಟೀ ಅಂಗಡಿಯಲ್ಲಿ ನಾನು ಕೇಳುವುದು ಸಿನಿಮಾ ಎಷ್ಟು ಮಾಡಿತು ಎಂಬುದನ್ನು.

ಸ್ಟುಡಿಯೋದ ತೀರ್ಪು ಆರೋಪಿಗೆ ಅನ್ಯಾಯ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸತ್ತವರಿಗೂ ಅನ್ಯಾಯ ಮಾಡುತ್ತದೆ. ಸಾಕ್ಷಿಗಳ ಹೇಳಿಕೆ ಮೊದಲೇ ಬಯಲಾದರೆ, ಟೀವಿ ನೋಡಿ ಹೇಳಿದ್ದು ಎಂದು ವಕೀಲರು ವಾದಿಸಲು ದಾರಿಯಾಗುತ್ತದೆ. ಲಕ್ಷ್ಮೀಕಾಂತನ್ ಪ್ರಕರಣದ ಕೊನೆ ಏನಾಯಿತು ನೋಡಿ. 1945ರಲ್ಲಿ ಇಬ್ಬರು ನಟರಿಗೂ ಜೀವಾವಧಿ ಶಿಕ್ಷೆಯಾಯಿತು. ಪ್ರೀವಿ ಕೌನ್ಸಿಲ್‌ವರೆಗೆ ಹೋದ ಮೇಲೆ 1947ರಲ್ಲಿ ಇಬ್ಬರೂ ನಿರ್ದೋಷಿಗಳಾಗಿ ಹೊರಬಂದರು. ಭಾಗವತರ್ ಅವರ ವೈಭವ ಮತ್ತೆ ಬರಲಿಲ್ಲ. ಲಕ್ಷ್ಮೀಕಾಂತನನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಉತ್ತರವೂ ಸಿಗಲಿಲ್ಲ. ಅಷ್ಟು ಜನ ಅಷ್ಟು ವರ್ಷ ನೋಡಿದ ಪ್ರಕರಣದಲ್ಲಿ ಸತ್ತವನಿಗೆ ಸಿಕ್ಕಿದ್ದು ಸೊನ್ನೆ. ಅವನಿಗೆ ನ್ಯಾಯ ಬೇಕು ಎಂದು ಕೇಳಿದವರೂ ಹೆಚ್ಚಿರಲಿಲ್ಲ, ಏಕೆಂದರೆ ಅವನ ಹೆಸರಿನ ಹಿಂದೆ ಒಂದು ‘ಆದರೆ’ ಇತ್ತು.

ಕಾನೂನಿಗೆ ಈ ‘ಆದರೆ’ ಗೊತ್ತಿಲ್ಲ. ಸತ್ತವರ ನಡತೆ ಸರ್ಟಿಫಿಕೇಟು ನೋಡಿ ಕೊಲೆಯನ್ನು ತೂಗುವುದು ನ್ಯಾಯಾಲಯದ ಕೆಲಸವಲ್ಲ. ಕೆಟ್ಟವರನ್ನು ಕೊಂದರೂ ಅದು ಕೊಲೆಯೇ. ಇದು ಹೇಳಲು ಸುಲಭ, ಒಪ್ಪಲು ಬಹಳ ಕಷ್ಟ. ಒಪ್ಪಿದರೆ ನಾವು ಶಿಳ್ಳೆ ಹೊಡೆದ ಅರ್ಧ ಸಿನಿಮಾಗಳನ್ನು, ಎನ್‌ಕೌಂಟರ್‌ಗೆ ಹಂಚಿದ ಸಿಹಿಯನ್ನು, ಸರಗಳ್ಳನೆಂದು ಕಂಬಕ್ಕೆ ಕಟ್ಟಿ ಹೊಡೆದ ವಿಡಿಯೋಗೆ ಒತ್ತಿದ ಲೈಕನ್ನು ಎಲ್ಲ ವಾಪಸು ತೆಗೆದುಕೊಳ್ಳಬೇಕಾಗುತ್ತದೆ. ಅದಕ್ಕಿಂತ ನಟನ ದಿಂಬಿನ ಬಗ್ಗೆ ಮಾತಾಡುವುದು ಹಗುರ.

ಸಾಹಿತ್ಯ ಓದುವ ನಿಮ್ಮನ್ನು ನಾನು ಕೇಳುವುದು ದೊಡ್ಡದೇನಲ್ಲ. ಕಥೆಯೊಂದರಲ್ಲಿ ಯಾರಿಗೆ ಮಾತು ಕೊಟ್ಟಿಲ್ಲ ಎಂದು ಹುಡುಕುವುದನ್ನು ನಾವು ತರಗತಿಯಲ್ಲಿ ಕಲಿಯುತ್ತೇವೆ. ಅದನ್ನು ಸುದ್ದಿಗೂ ಬಳಸಿ. ಯಾರಾದರೂ ‘ತಪ್ಪೇ, ಆದರೆ’ ಎಂದಾಗ ಆ ‘ಆದರೆ’ಯ ನಂತರ ಬರುವುದು ಯಾರ ತೀರ್ಪು ಎಂದು ಕೇಳಿ. ಒಂದು ದಿನ ಬಿಡುವು ಮಾಡಿಕೊಂಡು ಬಸ್ಸು ಹತ್ತಿ, ಸಿಟಿ ಸಿವಿಲ್ ಕೋರ್ಟಿನ ಕಟ್ಟಡಕ್ಕೆ ಹೋಗಿ, ಯಾವುದಾದರೂ ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಫೋನ್ ಬಂದ್ ಮಾಡಿ, ಸದ್ದಿಲ್ಲದೆ ಕೂರಬೇಕು, ಅಷ್ಟೇ. ಒಬ್ಬ ಸಾಕ್ಷಿ ತಡವರಿಸುತ್ತಾ ಹೇಳುತ್ತಾನೆ, ಒಬ್ಬ ಬೆರಳಚ್ಚುಗಾರ ಟೈಪ್ ಮಾಡುತ್ತಾನೆ, ಹಿಂದೆ ಯಾರದೋ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿರುತ್ತಾಳೆ. ಬೇಸರ ಬರುತ್ತದೆ. ನ್ಯಾಯ ಎನ್ನುವುದು ನಡೆದರೆ ಆ ಬೇಸರದ ಒಳಗೇ ನಡೆಯಬೇಕು. ಯಾವ ಕೇಸಿಗೆ ಹೋಗಬೇಕು ಎಂದು ಕೇಳಬೇಡಿ. ಆರೋಪಿಯ ಹೆಸರು ನೀವು ಎಂದೂ ಕೇಳಿರದ ಕೇಸಾದರೆ ಇನ್ನೂ ಒಳ್ಳೆಯದು.